ಮಳೆಗಾಲದಲ್ಲಿ ಕಬ್ಬಿಣದ ಹರಳಿನ ಹೊಳಪು ಅಳೆದದ್ದು

ಶಿವಮೊಗ್ಗದಲ್ಲಿ ಮಳೆ ಹಿಡಿದರೆ ಹರಳುಗಳು ಇನ್‌ಫ್ರಾರೆಡ್ ಬೆಳಕನ್ನು (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು) ಎಷ್ಟು ಪ್ರತಿಫಲಿಸುತ್ತವೆ ಅಂತ ಅಳೆಯುವ ನನ್ನಂಥವರಿಗೆ ಕಷ್ಟ. ಆ ಬೆಳಕು ಹಾಯುವ ಪೊಟ್ಯಾಸಿಯಂ ಬ್ರೋಮೈಡ್ ಕಿಟಕಿಗಳು ತೇವ ಹೀರಿ ಮಂಕಾಗುತ್ತವೆ. ಅದಕ್ಕೇ ಅವನ್ನೂ ಹರಳುಗಳನ್ನೂ ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಡೆಸಿಕೇಟರ್ ಎಂಬ ಗಾಳಿಯಾಡದ ಪಾತ್ರೆಯಲ್ಲಿ ಮುಚ್ಚಿಡುತ್ತೇನೆ. ತಣ್ಣಗೆ ಮಾಡಿ ಅಳೆಯುವುದು ಬೆಂಗಳೂರಿನಲ್ಲಿ, ಲೆಕ್ಕ ಹಾಕುವುದು ಇಲ್ಲಿ.

ನನ್ನ ಹರಳು ಬೇರಿಯಂ, ಕಬ್ಬಿಣ, ಆರ್ಸೆನಿಕ್ 1:2:2ರ ಅಳತೆಯಲ್ಲಿ ಸೇರಿದ ‘ಬೇರಿಯಂ 122’. ಇದು ತಾನಾಗಿ ಸೂಪರ್‌ಕಂಡಕ್ಟರ್ (ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತು) ಅಲ್ಲ. ಬೇರಿಯಂ ಜಾಗಕ್ಕೆ ಒಂದಿಷ್ಟು ಪೊಟ್ಯಾಸಿಯಂ ಸೇರಿಸಿದರೆ 38 ಕೆಲ್ವಿನ್‌ನಲ್ಲಿ (ಸುಮಾರು ಮೈನಸ್ 235 ಡಿಗ್ರಿ ಸೆಲ್ಸಿಯಸ್) ಆಗುತ್ತದೆ. ಆ ಗುಣ ಎಲ್ಲಿಂದ ಬಂತು ಅಂತ ತಿಳಿಯಲು ಮೊದಲು ಮೂಲ ವಸ್ತುವನ್ನೇ ನೋಡಬೇಕು, ಅಲ್ವಾ?

ಹರಳಿನ ಮೇಲ್ಪದರವನ್ನು ಟೇಪಿನಿಂದ ಎಬ್ಬಿಸಿದರೆ ಕನ್ನಡಿಯಂಥ ಮುಖ ಸಿಗುತ್ತದೆ. ಅದನ್ನು ಕೂಡಲೇ ಕ್ರಯೋಸ್ಟಾಟ್ ಎಂಬ ತಣಿಸುವ ಪಾತ್ರೆಗೆ ಹಾಕಿ ನಿರ್ವಾತ ಮಾಡುತ್ತೇವೆ. ಎಲ್ಲ ಉಷ್ಣತೆಯಲ್ಲೂ ಪ್ರತಿಫಲನ ಅಳೆದು, ಆಮೇಲೆ ಅಲ್ಲೇ ಅದೇ ಮುಖಕ್ಕೆ ಚಿನ್ನ ಲೇಪಿಸಿ ಮತ್ತೆ ಅಳೆಯುತ್ತೇವೆ. ಮೊದಲ ಅಳತೆಯನ್ನು ಎರಡನೆಯದರಿಂದ ಭಾಗಿಸಿದರೆ ಮೇಲ್ಮೈಯ ಉಬ್ಬುತಗ್ಗಿನ ಲೆಕ್ಕ ಹೋಗುತ್ತದೆ. ಮುಂದಿನದು ಕ್ರಾಮರ್ಸ್–ಕ್ರೋನಿಗ್ ಲೆಕ್ಕ, ಅಂದರೆ ಪ್ರತಿಫಲನದಿಂದ ಹರಳಿನ ವಾಹಕತೆ ತಿಳಿಯುವ ಗಣಿತ, ಅದಕ್ಕೆ ಕಂಪ್ಯೂಟರ್ ಇದೆ.

ನಾನು ಜಾಸ್ತಿ ಹೊತ್ತು ಕೂರುವುದು ಸೆಂಟಿಮೀಟರಿಗೆ 253 ಅಲೆಗಳ ಹತ್ತಿರ (ಬೆಳಕಿನ ಆವರ್ತನವನ್ನು ನಾವು ಹೀಗೆ ಎಣಿಸುತ್ತೇವೆ). ಅಲ್ಲಿ ಕಬ್ಬಿಣ–ಆರ್ಸೆನಿಕ್ ಕಂಪನದ ಚೂಪಾದ ಗೆರೆ ಇದೆ. ನೀರಾವಿಯ ಗೆರೆಗಳೂ ಅದೇ ಆಸುಪಾಸಿನಲ್ಲಿ ಗುಂಪಾಗಿ ಬರುತ್ತವೆ. ಹರಳನ್ನು ತಣಿಸಿದಾಗ ಕಂಪನದ ಗೆರೆ ಕಿರಿದಾಗುತ್ತದೆ. ಬೆಳಕಿನ ದಾರಿಯಲ್ಲಿರುವ ಆವಿಗೆ ಹರಳಿನ ಚಳಿ ಗೊತ್ತೇ ಇಲ್ಲ, ಅದರ ಗೆರೆ ಹಾಗೇ ಇರುತ್ತದೆ. ಹೀಗೆ ಎರಡನ್ನೂ ಬೇರೆ ಮಾಡುತ್ತೇನೆ.

138 ಕೆಲ್ವಿನ್ ಆಸುಪಾಸಿನಲ್ಲಿ ಹರಳು ಕಾಂತೀಯವಾಗಿ ಬದಲಾಗುತ್ತದೆ. ಅದಕ್ಕಿಂತ ತಣಿಸಿದರೆ ಕೆಲವು ನೂರು ಅಲೆಗಳ ಜಾಗದಲ್ಲಿ ಪ್ರತಿಫಲನ ಕುಸಿಯುತ್ತದೆ. ಅಂದರೆ ಎಲೆಕ್ಟ್ರಾನುಗಳ ಶಕ್ತಿಯಲ್ಲಿ ಕಂದಕ (ಎಲೆಕ್ಟ್ರಾನುಗಳು ಇರಲಾಗದ ಅಂತರ) ತೆರೆಯಿತು. ಆದರೆ ಅಲೆಗಳ ಸಂಖ್ಯೆ ತೀರಾ ಕಡಿಮೆ ಇರುವ ತುದಿಯಲ್ಲಿ ಪ್ರತಿಫಲನ ಮೇಲೇರುತ್ತದೆ! ಓಡಾಡುವ ಎಲೆಕ್ಟ್ರಾನುಗಳಲ್ಲಿ ಬಹುಪಾಲು ಕಳೆದುಹೋಗುತ್ತವೆ, ಆದರೆ ಉಳಿದವು ಡಿಕ್ಕಿ ಹೊಡೆಯುವುದು ಅದಕ್ಕಿಂತಲೂ ಜಾಸ್ತಿ ಪ್ರಮಾಣದಲ್ಲಿ ಇಳಿಯುತ್ತದೆ. ಹಾಗಾಗಿ ವಿದ್ಯುತ್ ತಡೆ ಏರುವ ಬದಲು ಇಳಿಯುತ್ತದೆ. ಸುಮ್ನೆ ತಡೆ ಮಾತ್ರ ಅಳೆದವರಿಗೆ ಈ ಎರಡು ಸಂಗತಿ ಬೇರೆ ಬೇರೆಯಾಗಿ ಕಾಣಲ್ಲ. ಬೆಳಕಿನ ಅಳತೆ ನನಗೆ ಇಷ್ಟವಾಗುವುದು ಇದಕ್ಕೇ.

ಈಗ ಬೇರಿಯಂ ಬದಲು ಸ್ಟ್ರಾಂಷಿಯಂ ಇರುವ ಸ್ಟ್ರಾಂಷಿಯಂ 122 ಹಿಡಿದಿದ್ದೇನೆ. ಅದರ ಕಾಂತೀಯ ಬದಲಾವಣೆ ಸುಮಾರು 200 ಕೆಲ್ವಿನ್‌ನಲ್ಲಿ. ಇದರಲ್ಲಿ ತೇವದ ಕಾಟ ಇನ್ನೂ ಗಂಭೀರ. ಇದರ ತೆಳು ಪದರ ನೀರಾವಿಗೆ ಸಿಕ್ಕರೆ ತಾನೇ ಸೂಪರ್‌ಕಂಡಕ್ಟರ್ ಆಗುತ್ತದೆ ಎಂದು ಜಪಾನಿನ ಹೊಸೊನೊ ತಂಡ 2009ರಲ್ಲಿ ತೋರಿಸಿದೆ. ಮೂಲ ವಸ್ತು ಮೂಲ ವಸ್ತುವಾಗಿಯೇ ಉಳಿಯಬೇಕು ಅಂದರೆ ನಮ್ಮ ಮಲೆನಾಡಿನ ಗಾಳಿ ಅದಕ್ಕೆ ತಾಗಬಾರದು. ಹಾಗಾಗಿ ಅದನ್ನು ಸೀಲ್ ಮಾಡಿದ ಗಾಜಿನ ಕೊಳವೆಯಲ್ಲೇ ಇಟ್ಟು, ಬೆಂಗಳೂರಿನ ಗ್ಲೌವ್ ಬಾಕ್ಸ್‌ನಲ್ಲಿ (ಹೊರಗಾಳಿ ಸೇರದ, ಕೈಗವಸು ಜೋಡಿಸಿದ ಪೆಟ್ಟಿಗೆ) ಮಾತ್ರ ಒಡೆಯುತ್ತೇನೆ.