ಮಾಯದ ಕಾಲಹುಣ್ಣು: ಕಾರಣ ನಿಮ್ಮ ಗುಳಿಗೆಯೇ ಎಂದು ತಿಳಿಯುವುದು ಹೇಗೆ?

ಕಾಲಿನ ಹರಡಿನ ಬಳಿ ಸಣ್ಣದೊಂದು ಹುಣ್ಣು. ತಿಂಗಳುಗಟ್ಟಲೆ ಡ್ರೆಸಿಂಗ್ ನಡೆಯುತ್ತದೆ, ಮುಲಾಮು ಬದಲಾಗುತ್ತದೆ, ಹುಣ್ಣು ಮಾತ್ರ ಮಾಯುವುದಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವವರಿಗೆ ರೋಗಿ ನುಂಗುವ ಕ್ಯಾಪ್ಸೂಲಿನ ಸುದ್ದಿ ಗೊತ್ತಿಲ್ಲ. ಕ್ಯಾಪ್ಸೂಲ್ ಬರೆದುಕೊಟ್ಟವರು ರೋಗಿಯ ಕಾಲನ್ನು ನೋಡಿಲ್ಲ. ಎಷ್ಟೋ ನೋವು ಈ ನಡುವಿನ ಅಂತರದಲ್ಲೇ ಬೆಳೆಯುತ್ತದೆ.

ಮೊದಲು ಔಷಧದ ಚೀಟಿ ತೆಗೆದು ಹೆಸರು ಓದಿ. ಹೈಡ್ರಾಕ್ಸಿಯೂರಿಯಾ ಎಂದಿದೆಯೇ? ಹೈಡ್ರಾಕ್ಸಿಕಾರ್ಬಮೈಡ್ ಎಂದಿದ್ದರೂ ಅದೇ ಔಷಧ. ಕೆಂಪು ರಕ್ತಕಣಗಳು ಮಿತಿಮೀರುವ ಪಾಲಿಸೈಥೀಮಿಯಾ ವೆರಾ, ಪ್ಲೇಟ್‌ಲೆಟ್ ಹೆಚ್ಚುವ ಎಸೆನ್ಶಿಯಲ್ ಥ್ರಾಂಬೊಸೈಥೀಮಿಯಾ, ಕೆಂಪು ಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ರಕ್ತಹೀನತೆ ಇವುಗಳಿಗೆ ಇದನ್ನು ಕೊಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕಾಯುವ, ಸಿಕಲ್ ಸೆಲ್ ರೋಗಿಗಳ ನೋವಿನ ದಾಳಿಗಳನ್ನು ತಗ್ಗಿಸುವ ಒಳ್ಳೆಯ ಔಷಧ ಇದು. ಹೆದರಿ ದೂರವಿಡುವಂಥದ್ದಲ್ಲ.

ಆದರೂ ಕೆಲವರಲ್ಲಿ ಹುಣ್ಣು ಏಕೆ? ಔಷಧದ ಕೆಲಸವೇ ಜೀವಕೋಶಗಳ ವಿಭಜನೆಗೆ ಕಡಿವಾಣ ಹಾಕುವುದು. ಚರ್ಮದ ತಳಪದರಕ್ಕೋ ಸದಾ ಹೊಸ ಕೋಶಗಳು ಬೇಕು. ಜೊತೆಗೆ ಔಷಧದಿಂದ ಕೆಂಪು ಕಣಗಳು ದೊಡ್ಡದಾಗುತ್ತವೆ. ಅವು ಕೂದಲಿಗಿಂತ ಸಣ್ಣ ರಕ್ತನಾಳಗಳಲ್ಲಿ ಸಲೀಸಾಗಿ ನುಸುಳಲಾರವು ಎಂಬ ವಿವರಣೆಯೂ ಇದೆ. ಹರಡಿನ ಮೇಲೆ ಚರ್ಮ ತೆಳು, ಕೆಳಗೇ ಮೂಳೆ. ಮಂಚದ ಕಾಲು ತಾಗಿದರೂ, ಚಪ್ಪಲಿಯ ಪಟ್ಟಿ ಉಜ್ಜಿದರೂ ಸಾಕು. ಮೋಸ ಹೋಗುವುದು ಕಾಲಾವಧಿಯ ವಿಷಯದಲ್ಲಿ. ಹುಣ್ಣು ಬರುವುದು ಸಾಮಾನ್ಯವಾಗಿ ವರ್ಷಗಳ ಸೇವನೆಯ ಬಳಿಕ. ‘ಐದು ವರ್ಷದಿಂದ ನುಂಗುತ್ತಿದ್ದೇನೆ, ಏನೂ ಆಗಲಿಲ್ಲವಲ್ಲ’ ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ.

ಇನ್ನು ಕಾಲನ್ನು ನೋಡಿ. ವಾರಕ್ಕೊಮ್ಮೆ, ಹಗಲು ಬೆಳಕಿನಲ್ಲಿ, ಎರಡೂ ಹರಡುಗಳ ಒಳಬದಿ, ಹೊರಬದಿ, ಹಿಮ್ಮಡಿ. ಬಗ್ಗಲಾಗದ ಹಿರಿಯರಿಗೆ ಮನೆಯವರು ನೋಡಲಿ. ಗಾತ್ರಕ್ಕೆ ಮೀರಿದ ನೋವು ಈ ಹುಣ್ಣಿನ ದೊಡ್ಡ ಗುರುತು. ಬೆರಳ ತುದಿಯಷ್ಟಿದ್ದರೂ ರಾತ್ರಿ ನಿದ್ದೆಗೆಡಿಸಬಹುದು. ಉಗುರುಗಳಲ್ಲಿ ಕಪ್ಪು ಗೆರೆ, ಒಣಗಿದ ಚರ್ಮ, ಬಾಯಿಹುಣ್ಣು ಜೊತೆಗಿದ್ದರೆ ಅದನ್ನೂ ಬರೆದಿಡಿ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹುಣ್ಣು ಹಿಗ್ಗಿತೋ ಕುಗ್ಗಿತೋ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಹುಣ್ಣು ಕಂಡರೆ ಸಲೈನ್‌ನಿಂದ ಮೆಲ್ಲಗೆ ತೊಳೆದು, ಗಾಯಕ್ಕೆ ಅಂಟದ ಡ್ರೆಸಿಂಗ್ ಹಾಕಿ. ಅರಿಶಿನ, ಸುಣ್ಣ, ಸ್ಪಿರಿಟ್ ಬೇಡವೇ ಬೇಡ. ಬಿಗಿಪಟ್ಟಿಯನ್ನು ಸ್ವಂತ ತೀರ್ಮಾನದಿಂದ ಸುತ್ತಬೇಡಿ. ಕಾಲಿನ ಅಪಧಮನಿಗಳಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಆಸ್ಪಿರಿನ್ ಸೇವಿಸುತ್ತಿರುವವರು ಅಂಗಡಿಯಿಂದ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ತಂದು ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರ, ಕೀವು, ಸುತ್ತಲೂ ಹರಡುವ ಕೆಂಪು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಣಗಳ ಸಂಖ್ಯೆ ಮತ್ತೆ ಏರಿ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯು, ಹೃದಯಾಘಾತ ಆದೀತು. ಫೋಟೊ ಮತ್ತು ಔಷಧದ ಪಟ್ಟಿ ಹಿಡಿದು ರಕ್ತರೋಗ ತಜ್ಞರ ಬಳಿ ಹೋಗಿ, ಗಾಯದ ಡ್ರೆಸಿಂಗ್ ಬಿಚ್ಚಿ ಕಾಲು ತೋರಿಸಿ. ‘ಈ ಹುಣ್ಣು ಹೈಡ್ರಾಕ್ಸಿಯೂರಿಯಾದಿಂದ ಬಂದಿರಬಹುದೇ?’ ಎಂದು ನೇರವಾಗಿ ಕೇಳಿ. ಕೇಳಲು ಸಂಕೋಚ ಪಡುವುದೇನೂ ಇಲ್ಲ. ಸಿಕಲ್ ಸೆಲ್ ಕಾಯಿಲೆಯಿಂದಲೇ ಕಾಲಹುಣ್ಣು ಬರುವುದುಂಟು. ಕೊಡಗು, ಮೈಸೂರು, ಚಾಮರಾಜನಗರದ ಬುಡಕಟ್ಟು ಜನರ ಹಾಡಿಗಳಲ್ಲಿ ಈ ಕಾಯಿಲೆಯವರಿದ್ದಾರೆ. ಆದ್ದರಿಂದ ಮೂಲ ಯಾವುದೆಂದು ವೈದ್ಯರೇ ನಿರ್ಧರಿಸಬೇಕು. ಅಗತ್ಯವಿದ್ದರೆ ಚರ್ಮದ ಚೂರು ತೆಗೆದು ಪರೀಕ್ಷೆಗೂ ಕಳಿಸುತ್ತಾರೆ.

ಔಷಧವೇ ಕಾರಣವೆಂದು ಕಂಡರೆ ಅವರೇ ಅದನ್ನು ನಿಲ್ಲಿಸಿ, ಕಾಯಿಲೆಗೆ ತಕ್ಕಂತೆ ಇಂಟರ್‌ಫೆರಾನ್, ರಕ್ಸೊಲಿಟಿನಿಬ್‌ನಂಥ ಬೇರೆ ದಾರಿ ಹುಡುಕುತ್ತಾರೆ. ಆಮೇಲೆ ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ತಿಂಗಳುಗಳೊಳಗೆ ಹುಣ್ಣು ಮಾಯುತ್ತದೆ. ಅದೇ ಔಷಧ ಮತ್ತೆ ಶುರುವಾದರೆ ಹುಣ್ಣು ಮರಳಬಹುದು. ‘ಹೈಡ್ರಾಕ್ಸಿಯೂರಿಯಾದಿಂದ ಕಾಲಹುಣ್ಣು ಆಗಿತ್ತು’ ಎಂಬ ಸಾಲನ್ನು, ತಿಂಗಳು ಮತ್ತು ಇಸವಿಯೊಂದಿಗೆ, ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಸಿಕೊಳ್ಳಿ.