ಗ್ಯಾರೇಜಿನಿಂದ ಬಂದ ಮೇಲೆ ಬ್ರೇಕ್ ಮೆತ್ತಗಾಗಿದೆಯೇ? ಹೀಗೆ ಮಾಡಿ

ಬ್ರೇಕ್ ಕೆಲಸ ಮಾಡಿಸಿ ಕಾರು ಮನೆಗೆ ತಂದಿದ್ದೀರಿ. ಪೆಡಲ್ ಒತ್ತಿದರೆ ಮೊದಲಿನಷ್ಟು ಗಟ್ಟಿಯಿಲ್ಲ, ಅರ್ಧ ದಾಟಿದ ಮೇಲಷ್ಟೇ ಹಿಡಿಯುತ್ತದೆ. ಗ್ಯಾರೇಜಿಗೆ ಫೋನ್ ಮಾಡಿದರೆ, ‘ಹೊಸ ಪ್ಯಾಡ್ ಅಲ್ವಾ ಸಾರ್, ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ’ ಎನ್ನುತ್ತಾರೆ. ಈ ಮಾತು ನಂಬಿ ವಾರಗಟ್ಟಲೆ ಹಾಗೇ ಓಡಿಸುವವರು ಬಹಳ ಜನ ಇದ್ದಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಹಳೇ ಡಿಸ್ಕಿಗೆ ಹೊಸ ಪ್ಯಾಡ್ ಹೊಂದಿಕೊಳ್ಳುವವರೆಗೆ ಹಿಡಿತದಲ್ಲಿ ಒಂಚೂರು ವ್ಯತ್ಯಾಸ ಇರಬಹುದು, ನಿಜ. ಆದರೆ ಪೆಡಲ್ ಆಳಕ್ಕೆ ಇಳಿಯುವುದು, ಒತ್ತಿ ಹಿಡಿದರೆ ಕುಸಿಯುವುದು ಇವೆಲ್ಲ ಓಡಿಸಿದರೆ ಹೋಗುವ ದೋಷಗಳಲ್ಲ.

ಮೊದಲು ಗ್ಯಾರೇಜಿನವರನ್ನು ಒಂದೇ ಪ್ರಶ್ನೆ ಕೇಳಿ: ಬ್ರೇಕ್ ಲೈನ್ (ಬ್ರೇಕ್ ಆಯಿಲ್ ಹರಿಯುವ ಪೈಪ್) ಎಲ್ಲಾದರೂ ಬಿಚ್ಚಿದ್ರಾ? ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ), ಹೋಸ್ ಪೈಪ್, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಬದಲಿಸಿದ್ದರೆ ಒಳಗೆ ಗಾಳಿ ಸೇರಿರುವ ಸಾಧ್ಯತೆಯೇ ಜಾಸ್ತಿ. ಬರೀ ಪ್ಯಾಡ್ ಬದಲಿಸಿದ್ದರೆ ಗಾಳಿ ಸೇರಲು ದಾರಿಯಿಲ್ಲ. ಆಗ ಪ್ಯಾಡ್ ಅದರ ಜಾಗದಲ್ಲಿ ನೆಟ್ಟಗೆ ಕೂತಿದೆಯೇ, ಕ್ಯಾಲಿಪರಿನ ಸ್ಲೈಡ್ ಪಿನ್ ಸರಾಗವಾಗಿ ಜಾರುತ್ತದೆಯೇ ಎಂದು ನೋಡಿಸಬೇಕು.

ಇನ್ನು ನಿಂತಲ್ಲೇ ಪರೀಕ್ಷೆ. ಎಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ಒತ್ತಿ. ಪೆಡಲ್ ಗಟ್ಟಿಯಾಗುತ್ತದೆ. ಕಾಲು ತೆಗೆಯದೆ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದು ನಿಂತರೆ ಬೂಸ್ಟರ್ (ಕಾಲಿನ ಬಲ ಹೆಚ್ಚಿಸುವ ಭಾಗ) ಸರಿಯಿದೆ ಎಂದರ್ಥ, ಈ ಇಳಿತಕ್ಕೆ ಗಾಬರಿಯಾಗಬೇಡಿ. ಈಗ ಎಂಜಿನ್ ಓಡುತ್ತಿರುವಾಗಲೇ ಅರ್ಧ ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಪೆಡಲ್ ನಿಧಾನವಾಗಿ ನೆಲದ ಕಡೆಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಹೋಗಿದೆ. ಆ ಗಾಡಿಯನ್ನು ಓಡಿಸಲೇಬೇಡಿ, ಟೋ ಮಾಡಿಸಿ.

ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಪುಟಿಯುತ್ತಿದ್ದರೆ, ಬೇಗ ಬೇಗ ಒತ್ತಿದಾಗ ಮೇಲೆ ಬಂದು, ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ಮೆತ್ತಗಾಗುತ್ತಿದ್ದರೆ ಲೈನಿನಲ್ಲಿ ಗಾಳಿಯಿದೆ. ಬ್ರೇಕ್ ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲ ಚಕ್ರಕ್ಕೆ ಹೋಗುವ ಬದಲು ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಪೆಡಲ್ ಆಳಕ್ಕೆ ಹೋಗಿ ಕೊನೆಯಲ್ಲಿ ಗಟ್ಟಿಯಾಗಿ ಹಿಡಿದರೆ ವಿಷಯ ಬೇರೆ. ಹಿಂದೆ ಡ್ರಮ್ ಬ್ರೇಕ್ ಇರುವ ಗಾಡಿಯಾದರೆ ಹ್ಯಾಂಡ್ ಬ್ರೇಕ್ ಎಳೆದು ಒತ್ತಿ ನೋಡಿ. ಪೆಡಲ್ ತಟ್ಟನೆ ಮೇಲೇ ಹಿಡಿದರೆ ಹಿಂದಿನ ಬ್ರೇಕ್ ಶೂ ಅಡ್ಜಸ್ಟ್ ಆಗಿಲ್ಲ. ಅದನ್ನು ಸರಿ ಮಾಡಿಸಿದರೆ ಸಾಕು.

ಗಾಳಿ ಇದೆ ಎಂದಾದರೆ ತೆಗೆಯಬೇಕು, ಇದಕ್ಕೆ ಬ್ಲೀಡಿಂಗ್ ಎನ್ನುತ್ತಾರೆ. ಎಲ್ಲರೂ ಎಡವುವುದು ಇಲ್ಲೇ.

ಸೀಲ್ ಒಡೆಯದ ಬ್ರೇಕ್ ಆಯಿಲ್ ತನ್ನಿ. ಯಾವ ಗ್ರೇಡ್ ಎಂದು ಗಾಡಿಯ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳದ ಮೇಲೆಯೇ ಇರುತ್ತದೆ, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಇವುಗಳ ಜೊತೆ ಬೆರೆಸಲೇಬಾರದು. ತಿಂಗಳುಗಟ್ಟಲೆ ತೆರೆದಿಟ್ಟ ಬಾಟಲಿಯ ತಳದಲ್ಲಿ ಉಳಿದದ್ದನ್ನು ಸುರಿಯುವ ಉಳಿತಾಯ ಬೇಡ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎಂಜಿನ್ ಆಯಿಲ್ ಅಂತೂ ಒಂದು ತೊಟ್ಟೂ ಬೀಳಬಾರದು, ರಬ್ಬರ್ ಸೀಲುಗಳೆಲ್ಲ ಊದಿ ಹಾಳಾಗುತ್ತವೆ.

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಇಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕೆಳಗೆ ಕೈ ಹಾಕಬೇಡಿ. ಎಂಜಿನ್ ಆಫ್ ಇರಲಿ. ಚಕ್ರ ಬಿಚ್ಚಿದಾಗ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲ್ (ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಎಲ್ಲಿದೆ ನೋಡಿ. ಅದು ಮೇಲ್ಭಾಗದಲ್ಲಿರಬೇಕು. ಕೆಳಗಿದ್ದರೆ ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿದೆ. ಗಾಳಿ ಮೇಲೆ ನಿಲ್ಲುತ್ತದೆ, ನಿಪ್ಪಲ್ ಕೆಳಗಿದ್ದರೆ ಎಷ್ಟು ಸಲ ಬ್ಲೀಡ್ ಮಾಡಿದರೂ ಹೊರಗೆ ಬರುವುದೇ ಇಲ್ಲ.

ಯಾವ ಚಕ್ರ ಮೊದಲು ಎಂಬುದಕ್ಕೆ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಬಹಳಷ್ಟು ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬರುತ್ತಾರೆ. ಎಲ್ಲ ಗಾಡಿಗೂ ಇದೇ ಕ್ರಮ ಅಲ್ಲ.

ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಹಾಕಿ. ಓಪನ್ ಸ್ಪ್ಯಾನರ್‌ನಲ್ಲಿ ಬಿಚ್ಚಲು ಹೋದರೆ ಅದರ ಮೂಲೆ ಸವೆದು ದುಂಡಗಾಗುತ್ತದೆ, ಆಮೇಲೆ ಬಿಚ್ಚುವುದೇ ಕಷ್ಟ. ನಿಪ್ಪಲ್ ತುದಿಗೆ ಬಿಗಿಯಾದ ಪಾರದರ್ಶಕ ಪೈಪ್ ಸಿಕ್ಕಿಸಿ. ಇನ್ನೊಂದು ತುದಿ ಸ್ವಲ್ಪ ಬ್ರೇಕ್ ಆಯಿಲ್ ಹಾಕಿದ ಬಾಟಲಿಯೊಳಗೆ ಮುಳುಗಿರಲಿ. ಈಗ ಸೀಟಿನಲ್ಲಿ ಕೂತವರು ಪೆಡಲನ್ನು ಎರಡು ಮೂರು ಸಲ ನಿಧಾನವಾಗಿ ಒತ್ತಿ, ಕೊನೆಯ ಸಲ ಒತ್ತಿದ್ದನ್ನು ಬಿಡದೆ ಹಿಡಿದು ‘ಹಿಡಿದಿದ್ದೀನಿ’ ಎನ್ನಬೇಕು. ನೀವು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಜೊತೆ ಗುಳ್ಳೆಗಳು ಪೈಪಿನಲ್ಲಿ ಓಡುತ್ತವೆ. ಪೆಡಲ್ ಕೆಳಗಿಳಿಯುತ್ತದೆ. ಕಾಲು ಹಾಗೇ ಒತ್ತಿಕೊಂಡಿರುವಾಗಲೇ ನಿಪ್ಪಲ್ ಮುಚ್ಚಿ, ಆಮೇಲೆ ‘ಬಿಡಿ’ ಎನ್ನಿ. ಮುಚ್ಚುವ ಮೊದಲು ಕಾಲು ಮೇಲೆ ಬಂದರೆ ನಿಪ್ಪಲಿನ ಥ್ರೆಡ್ ಪಕ್ಕದಿಂದ ಹೊಸ ಗಾಳಿ ಒಳಗೆ ಹೋಗುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ. ಆತುರದ ಬ್ಲೀಡಿಂಗ್ ಕೆಡುವುದು ಹೆಚ್ಚಾಗಿ ಇಲ್ಲೇ. ಒಬ್ಬರು ‘ಬಿಡಿ’ ಎನ್ನುವವರೆಗೆ ಇನ್ನೊಬ್ಬರ ಕಾಲು ಕದಲಬಾರದು.

ಗುಳ್ಳೆ ಪೂರ್ತಿ ನಿಂತು, ಸ್ವಚ್ಛ ಆಯಿಲ್ ಬರುವವರೆಗೆ ಇದನ್ನೇ ಮಾಡಿ. ನಡುವೆ ಮೇಲಿನ ಡಬ್ಬದ ಮಟ್ಟ ನೋಡುತ್ತಲೇ ಇರಬೇಕು. ಮಿನ್ ಗೆರೆಗಿಂತ ಕೆಳಗೆ ಬಿಟ್ಟು, ಡಬ್ಬ ಖಾಲಿಯಾಗಿ ಮಾಸ್ಟರ್ ಸಿಲಿಂಡರ್ ಗಾಳಿ ಎಳೆದುಕೊಂಡರೆ ಮೊದಲಿಂದ ಶುರು. ಹಳೇ ಗಾಡಿಯಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಪೆಡಲ್ ನೆಲ ಮುಟ್ಟಿದರೆ ಸಿಲಿಂಡರಿನ ಒಳಗೆ ಸೀಲ್ ಎಂದೂ ಹೋಗದ, ಕಿಟ್ಟ ಕಟ್ಟಿದ ಜಾಗಕ್ಕೆ ಹೋಗಿ ಹರಿಯಬಹುದು.

ಒಬ್ಬರೇ ಮಾಡಬಹುದು ಎಂದು ಮಾರುವ ಅಗ್ಗದ ವ್ಯಾಕ್ಯೂಮ್ ಪಂಪುಗಳನ್ನು ಕೊಳ್ಳಬೇಡಿ. ಅವು ಥ್ರೆಡ್ ಪಕ್ಕದ ಗಾಳಿಯನ್ನೂ ಎಳೆಯುತ್ತವೆ. ಪೈಪಿನಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ, ಲೈನಿನ ಗಾಳಿ ಹೋಯಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಹೊರಬಂದ ಆಯಿಲನ್ನು ವಾಪಸ್ ಡಬ್ಬಕ್ಕೆ ಸುರಿಯುವುದಂತೂ ಕೂಡದು. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತುಬರುತ್ತದೆ.

ನಿಪ್ಪಲ್‌ಗಳನ್ನು ಬಿಗಿ ಮಾಡಿ. ಜಾಸ್ತಿ ಬಲ ಹಾಕಬೇಡಿ, ಒಳಗೆ ತೂತಿರುವ ಸಣ್ಣ ಸ್ಕ್ರೂ ಅದು, ಮುರಿಯುತ್ತದೆ. ರಬ್ಬರ್ ಕ್ಯಾಪ್ ಹಾಕಿ, ಚಕ್ರ ಜೋಡಿಸಿ, ಡಬ್ಬವನ್ನು ಮ್ಯಾಕ್ಸ್ ಗೆರೆವರೆಗೆ ತುಂಬಿಸಿ. ಗಾಡಿ ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಮೇಲೆ ಹೇಳಿದ ಅರ್ಧ ನಿಮಿಷದ ಪರೀಕ್ಷೆ ಮಾಡಿ. ನಂತರ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಬ್ರೇಕ್ ಹಾಕಿ ನೋಡಿ, ಆಮೇಲಷ್ಟೇ ರಸ್ತೆಗೆ ಇಳಿಯಿರಿ.

ಗುಳ್ಳೆ ಒಂದೂ ಬರುತ್ತಿಲ್ಲ, ಆದರೂ ಪೆಡಲ್ ಮೆತ್ತಗೇ ಇದೆಯೇ? ಪೆಡಲ್ ಒತ್ತಿಸಿ ರಬ್ಬರ್ ಹೋಸ್ ಊದುತ್ತದೆಯೇ ನೋಡಿ. ಅದೂ ಸರಿಯಿದ್ದರೆ ಗಾಳಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಯೂನಿಟ್ ಒಳಗೆ ಸಿಕ್ಕಿಕೊಂಡಿರಬಹುದು. ಅದರ ವಾಲ್ವುಗಳನ್ನು ಸ್ಕ್ಯಾನರ್‌ನಿಂದ ತೆರೆಸಿಯೇ ಬ್ಲೀಡ್ ಮಾಡಬೇಕು. ಗಾಡಿ ಕಳಿಸುವ ಮೊದಲೇ ‘ಎಬಿಎಸ್ ಬ್ಲೀಡಿಂಗ್ ಮಾಡುವ ಸ್ಕ್ಯಾನರ್ ಇದೆಯಾ?’ ಎಂದು ಫೋನಿನಲ್ಲೇ ಕೇಳಿ. ಕೋಡ್ ಓದುವ ಸಣ್ಣ ಯಂತ್ರ ಮಾತ್ರ ಇದೆ ಎಂದರೆ ಬೇರೆ ಗ್ಯಾರೇಜ್ ಹುಡುಕಿ.