ಏರು ಬಂದರೆ ನಿಲ್ಲುತ್ತಿದ್ದ ಜೋಂಗಾ

ಮಾಜಿ ಸೈನಿಕರ ಕುಟುಂಬಗಳಿಗೆ ದೇಣಿಗೆ ಕೂಡಿಸುವ ರ್‍ಯಾಲಿಗೆಂದು ಬೆಳಗಾವಿಯ ನಾವು ಗೆಳೆಯರು ಹಳೆ ಜೋಂಗಾ ಒಂದನ್ನು ರೆಡಿ ಮಾಡುತ್ತಿದ್ದೆವು. ನಿಸಾನ್ ವಿನ್ಯಾಸದ, ಜಬಲ್‌ಪುರದಲ್ಲಿ ತಯಾರಾದ ಸೇನೆಯ ಗಾಡಿ. ಸುಮಾರು 4 ಲೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಬಣ್ಣ, ಬ್ರೇಕು ಎಲ್ಲ ಆಯಿತು. ಆದರೆ ಯಳ್ಳೂರು ಗಡದ ಏರಿನಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಚಾಲೂ!

ಕೆಲವರು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕೆಟ್ಟಿದೆ ಅಂದರು, ಕೆಲವರು ಕಿಡಿ ಹೊತ್ತಿಸಲು ಕರೆಂಟ್ ಕೊಡುವ ಕಾಯಿಲ್ ಅಂದರು. ನಿವೃತ್ತ ಸುಬೇದಾರ್ ಕಾಕಾ ಮಾತ್ರ, "ಟಾಕಿ ಒಳಗ ಏನೈತಿ ಮೊದಲ ನೋಡ್ರಿ" ಅಂದರು. ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪಿನ ಹತ್ತಿರ ಪೈಪ್ ಬಿಚ್ಚಿ ಟ್ಯಾಂಕಿನ ಕಡೆಗೆ ಗಾಳಿ ಹೊಡೆದೆ. ಮೊದಲು ಬಿಗಿ, ಆಮೇಲೆ ಗುಳುಗುಳು ಸದ್ದು. ಅಂದರೆ, ಟ್ಯಾಂಕಿನೊಳಗಿನ ತುಕ್ಕಿನ ಹಕ್ಕಳೆ ಪಂಪಿನ ಎಳೆತಕ್ಕೆ ಪೈಪಿನ ಬಾಯಿಗೆ ಅಂಟುತ್ತಿತ್ತು. ಎಂಜಿನ್ ನಿಂತರೆ ಎಳೆತ ತಪ್ಪಿ ಕೆಳಗೆ ಬೀಳುತ್ತಿತ್ತು. ಏರಿನಲ್ಲಿ ಪೆಟ್ರೋಲ್ ಜಾಸ್ತಿ ಬೇಕು, ಎಳೆತವೂ ಜಾಸ್ತಿ, ಅಲ್ವಾ?

ಟ್ಯಾಂಕ್ ಇಳಿಸಿ, ಖಾಲಿ ಮಾಡಿ, ತುಕ್ಕು ಕೆರೆದು ಬರಲೆಂದು ಸಣ್ಣ ನಟ್ಟು, ಡೀಸೆಲ್ ಹಾಕಿ ಕುಲುಕಿದೆವು. ಬಂದದ್ದು ಕೆಂಪನೆ ರಾಡಿ. ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿದೆವು. (ಇಂಥ ಟ್ಯಾಂಕಿಗೆ ಸುಮ್ನೆ ವೆಲ್ಡಿಂಗ್ ಮುಟ್ಟಿಸಬೇಡಿ, ಆವಿ ಉಳಿದಿದ್ದರೆ ಸಿಡಿಯುತ್ತದೆ.) ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆ ರಬ್ಬರ್ ತಾಳುವುದಿಲ್ಲ, ಹಾಗಾಗಿ ಪೈಪ್‌ಗಳನ್ನೂ ಬದಲಿಸಿದೆ. ಪಂಪಿಗೆ ಮುಂಚೆ ಪಾರದರ್ಶಕ ಫಿಲ್ಟರ್ ಹಾಕಿದೆ. ಕಸ ಬಂದರೆ ಕಣ್ಣಿಗೇ ಕಾಣುತ್ತದೆ.

ಈಗ ಗಡದ ಏರನ್ನು ನಿಲ್ಲದೆ ಹತ್ತುತ್ತದೆ. ಹಾರ್ನ್ ಮಾತ್ರ ಇನ್ನೂ ತನಗೆ ಮನಸ್ಸು ಬಂದಾಗಲೇ ಹೊಡೆಯುತ್ತದೆ.